ಅತ್ತೆ ಹಾಡಲು ಎದ್ದರೆ

ಆ ಕಣಿವೆಯಲ್ಲಿ ಭಾಷಣಕ್ಕೆ ನಿಂತ ಗಂಡಸರು ದೇವರಿಗಿಂತ ಹೆಚ್ಚಾಗಿ ಮೆರೆಆನಾ ಅತ್ತೆಗೆ ಹೆದರುತ್ತಿದ್ದರು. ಮಾತು ಮುಗಿದೊಡನೆ ಹೆಂಗಸರು ಎದ್ದು ಹಾಡಿ ಆ ಮಾತಿಗೆ ಬಲ ತುಂಬುವುದು ಮಾವೊರಿ ಜನರ ಪದ್ಧತಿ. ಮಾತು ಸಪ್ಪೆಯಾದರೆ ಅದೇ ಹಾಡನ್ನು ನಡುವೆಯೇ ಎತ್ತಿ ಮಾತುಗಾರನನ್ನು ಕೂರಿಸುವ ಹಕ್ಕೂ ಅವರಿಗುಂಟು. ಎಂಬತ್ತು ದಾಟಿದ ಅತ್ತೆ ಆ ಹಕ್ಕನ್ನು ಧಾರಾಳವಾಗಿ ಚಲಾಯಿಸಿದ್ದಳು. ಒಬ್ಬ ಮಂತ್ರಿಯನ್ನು ಎರಡನೆಯ ವಾಕ್ಯದಲ್ಲಿ, ಒಬ್ಬ ಬಿಷಪ್ಪನನ್ನು ಆತ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗಲೇ ಕೂರಿಸಿದ ಕೀರ್ತಿ ಅವಳದು.

ಈಗ ಸರದಿ ಶಾಲೆಯ ಬಸ್ಸಿನ ಚಾಲಕ ಪೆಟೇರಾನದು.

ಶಾಲೆಯಲ್ಲಿ ಮಾವೊರಿ ಆಡಿದ್ದಕ್ಕೆ ಬೆತ್ತದ ರುಚಿ ಕಂಡಿದ್ದ ಅವನ ತಂದೆ, ಮಗನ ಕಿವಿಗೆ ಆ ಭಾಷೆಯನ್ನು ಬೀಳಗೊಟ್ಟಿರಲಿಲ್ಲ. ಹೀಗಿರಲು, ತರಗತಿಯಲ್ಲಿ ಕಲಿತದ್ದು ಗೇಟಿನಾಚೆ ಸಾಯಬಾರದೆಂದು ಮುಖ್ಯೋಪಾಧ್ಯಾಯಿನಿ ಹುಹಾನಾ ಹಟ ಹಿಡಿದಳು. ಊರಿನ ಅಂಗಡಿ, ರಗ್ಬಿ ಮೈದಾನ, ಶಾಲೆಯ ಬಸ್ಸು, ಇಲ್ಲೆಲ್ಲ ಮಾವೊರಿಯನ್ನಲ್ಲದೆ ಬೇರೆ ಆಡಕೂಡದೆಂದು ಊರವರನ್ನು ಒಪ್ಪಿಸಿದಳು. ಬಸ್ಸಿನ ಕೆಲಸ ಬಿಡಲಾರದ ಪೆಟೇರಾ, ತಲೆ ನರೆತ ಮೇಲೆ ಭಾಷೆ ಕಲಿತ.

ಆ ಬಸ್ಸಿನ ಖ್ಯಾತಿ ಕೇಳಿ ಗುಡ್ಡದಾಚೆಯ ಶಾಲೆಯವರು ನೋಡಲು ಬರುವ ದಿನವೇ ಹಿರಿಯ ಮಾತುಗಾರ ಟಮಾಹೌ ಅಜ್ಜನ ಗಂಟಲು ಕಟ್ಟಿತು. ಪೆಟೇರಾನನ್ನು ಬಿಟ್ಟರೆ, ಅತಿಥಿಗಳನ್ನು ಮಾವೊರಿಯಲ್ಲಿ ಸ್ವಾಗತಿಸಬಲ್ಲ ಗಂಡಸು ಅಂದು ಊರಲ್ಲಿ ಬೇರೊಬ್ಬನಿರಲಿಲ್ಲ.

"ಬೇಡ ತಾಯಿ, ಅತ್ತೆ ನನ್ನ ನಿಂತಲ್ಲೇ ಹೂತ್ಹಾಕ್ತಾಳೆ," ಎಂದ ಪೆಟೇರಾ.

"ಹಾಡಿದ್ರೆ ಕೂತ್ಕೊ. ಅಷ್ಟೇ ತಾನೆ?" ಎಂದಳು ಹುಹಾನಾ.

"ಅಷ್ಟೇನಾ? ನಾಳೆ ಬಸ್ಸಲ್ಲಿ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ಮಾತಾಡ್ಲಿ? ಈ ವಯಸ್ಸಲ್ಲಿ ಬಾಯಿ ಬಿಟ್ಟಿದ್ದೇ ದೊಡ್ಡದು. ಒಂದ್ಸಲ ಮುಚ್ಚಿಸಿದ್ರೆ ಮತ್ತೆ ತೆರೆಯಲ್ಲ, ನೋಡು."

ಆದರೂ ಶಾಲೆಯ ಮೈದಾನದಲ್ಲಿ ಅತಿಥಿಗಳೆದುರು ನಿಲ್ಲಲೇಬೇಕಾಯಿತು. ಟಮಾಹೌ ಅಜ್ಜ ಪಿಸುದನಿಯಲ್ಲಿ ಬಾಯಿಪಾಠ ಮಾಡಿಸಿದ್ದ ಗಂಭೀರವಾದ ನುಡಿಗಳಲ್ಲಿ ಮೊದಲೆರಡು ಹೊರಬಂದವು. ಮೂರನೆಯದು ಬರಲಿಲ್ಲ. ಹೆಂಗಸರ ಬೆಂಚಿನಲ್ಲಿ ಅತ್ತೆಯ ಕೈ ಊರುಗೋಲಿನತ್ತ ಸರಿಯಿತು. ಅದನ್ನು ಕಂಡ ಪೆಟೇರಾನ ಬಾಯಿಂದ ತಾನಾಗಿಯೇ ಹೊರಬಿದ್ದದ್ದು ದಿನವೂ ಬಸ್ಸಿನಲ್ಲಿ ಆಡುವ ಮಾತು:

"ಎಲ್ರೂ ಕೂತ್ಕೊಂಡ್ರಾ?"

"ಕೂತ್ವಿ!" ಮಕ್ಕಳು ಅಭ್ಯಾಸಬಲದಿಂದ ಕೂಗಿದರು.

"ಬೆಲ್ಟು?"

"ಹಾಕ್ಕೊಂಡ್ವಿ!"

ಅತಿಥಿಗಳು ಘೊಳ್ಳೆಂದರು. ಇನ್ನು ಹಿಂದಿರುಗುವ ದಾರಿಯಿಲ್ಲವೆಂದು ಪೆಟೇರಾ ಮಾತಿನಲ್ಲೇ ಬಸ್ಸನ್ನು ಹೊರಡಿಸಿಯೇ ಬಿಟ್ಟ.

"ಎಡಗಡೆ ನಮ್ಮ ಬೆಟ್ಟ. ಇವತ್ತು ಮೋಡ ಹೊದ್ಕೊಂಡು ಮಲಗಿದಾನೆ, ನಮಸ್ಕಾರ ಹೇಳ್ರೋ. ಮುಂದೆ ಹೊಳೆ. ಚಳಿಗಾಲ ಬಂದ್ರೆ ಸಾಕು, ನಮ್ಮನ್ನ ಕೇಳದೇ ರಸ್ತೆ ದಾಟ್ತಾಳೆ, ಲೈಸೆನ್ಸೂ ಇಲ್ಲ. ಇದು ಗೋರಿಗಳ ದಿಬ್ಬ. ನಮ್ಮಪ್ಪ ಇಳಿದಿದ್ದು ಇಲ್ಲೇ. ಇಲ್ಲಿ ಗಟ್ಟಿಯಾಗಿ ಮಾತಾಡ್ರಿ ಮಕ್ಳೇ. ಈಗ ಯಾರೂ ಹೊಡೆಯಲ್ಲ ಅಂತ ಅವನಿಗೂ ಕೇಳಿಸ್ಲಿ."

ಬೆಟ್ಟ, ಹೊಳೆ, ತೀರಿಹೋದವರು: ಒಳ್ಳೆಯ ಭಾಷಣ ಯಾರನ್ನೆಲ್ಲ ವಂದಿಸಬೇಕೋ ಅವರನ್ನೆಲ್ಲ ಬಸ್ಸು ಹಾದುಬಂದಿತ್ತು. ಟಮಾಹೌ ಅಜ್ಜ ದನಿಯಿಲ್ಲದೆ ತಲೆದೂಗಿದ.

ಪೆಟೇರಾ ಮಾತು ನಿಲ್ಲಿಸಿ ಹಾಡಿಗಾಗಿ ಕಾದ. ಹಾಡು ಬರಲಿಲ್ಲ. ಅತ್ತೆ ಕಲ್ಲಿನಂತೆ ಕುಳಿತಿದ್ದಳು; ಅವಳು ಏಳದೆ ಉಳಿದ ಹೆಂಗಸರು ಏಳುವಂತಿರಲಿಲ್ಲ. ನಡುವೆ ಹಾಡಿ ಕೂರಿಸುವುದು ಅವಮಾನ, ನಿಜ. ಮುಗಿದ ಮೇಲೂ ಹಾಡದಿದ್ದರೆ ಅದು ಬಟ್ಟೆಯಿಲ್ಲದೆ ನಿಂತಂತೆ.

"ಯಾಕೋ ನಿಲ್ಲಿಸ್ದೆ?" ಅತ್ತೆಯ ದನಿ ಮೈದಾನವನ್ನೇ ಸೀಳಿತು. "ಬಸ್ಸು ಕೆಟ್ಟೋಯ್ತಾ? ನನ್ನ ಮನೆ ಇನ್ನೂ ಬಂದಿಲ್ಲ."

ಇದುವರೆಗೆ ಅತ್ತೆ ಯಾರನ್ನೂ ಮುಂದುವರಿಸೆಂದು ಕೇಳಿದ್ದಿಲ್ಲ.

"ಕೊನೇ ಸ್ಟಾಪು," ಎಂದ ಪೆಟೇರಾ, ದನಿಯೇರಿಸಿ. "ಹಸಿರು ಗೇಟು. ಇಲ್ಲೊಬ್ಬಳು ಮುದುಕಿ ಇದಾಳೆ. ಇವಳಿಗೆ ಹೆದರಿ ಈ ಬೀದಿ ನಾಯಿಗಳೂ ಬೊಗಳೋದನ್ನ ಚುಟುಕಾಗಿ ಮುಗಿಸ್ತವೆ. ಅತ್ತೇ, ನಿನ್ನ ಮನೆ ಬಂತು. ಇಳಿ."

ಅತ್ತೆ ಊರುಗೋಲನ್ನೂರಿ ನಿಧಾನವಾಗಿ ಎದ್ದಳು.

"ಇಳೀತೀನಿ ಕಣೋ, ಬಾಗಿಲು ತೆಗಿ," ಎಂದವಳೇ ಹಾಡನ್ನೆತ್ತಿದಳು.

ಬೇರೆ ಮಾತುಗಾರರನ್ನು ಕೂರಿಸಲು ಮೊದಲ ಚರಣವೇ ಸಾಕಾಗುತ್ತಿತ್ತು. ಆ ಹಾಡಿಗೆ ಇನ್ನೂ ಮೂರು ಚರಣಗಳಿವೆಯೆಂಬುದು ಅನೇಕರಿಗೆ ಅಂದೇ ತಿಳಿದದ್ದು. ಅತಿಥಿಗಳ ಊಟಕ್ಕೆಂದು ಹಿತ್ತಲ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲಿದ್ದ ಮಾಂಸವೂ ಗೆಣಸೂ ಹದ ಮೀರಿ ಬೆಂದವು. ಪೆಟೇರಾ ಮಾತ್ರ ಕೊನೆಯ ಚರಣದ ಕೊನೆಯ ಉಸಿರಿನವರೆಗೂ ನಿಂತೇ ಇದ್ದ.