ಒಂದು ಓರೆಗೆರೆ

ಅರ್ಧರಾತ್ರಿ 'ಟಣ್' ಎಂದು ಸಣ್ಣ ಸದ್ದಾಯಿತು. ಅಲೈಡಾ ಎದ್ದು ಬಂದು ನೋಡಿದರೆ ಗಂಡ ವೋಲ್ಫರ್ಟ್ ಕೆಲಸದ ಮೇಜಿಗೆ ತಲೆಯಾನಿಸಿ ನಿದ್ದೆಹೋಗಿದ್ದ. ಉಳಿ ಕೈಜಾರಿ ನೆಲದ ಮೇಲಿತ್ತು.

ಬೆಳಗ್ಗೆ ಟಂಕಸಾಲೆಗೆ ನಾಣ್ಯದ ಅಚ್ಚು ಒಪ್ಪಿಸಬೇಕು. ಅವನ ಕಣ್ಣು ಮಂಜಾಗಿದೆಯೆಂಬ ಗುಸುಗುಸು ಆಗಲೇ ಎದ್ದಿತ್ತು. ಈ ಸಲ ತಡವಾದರೆ ಕೆಲಸ ಬೇರೆಯವನ ಪಾಲು. ಅವಳು ದೀಪ ಹಿಡಿದಳು. ತಾಮ್ರದ ಡಾಯ್ಟ್ ಕಾಸಿನ ಒಂದು ಮುಖ, ಬೇಲಿಯೊಳಗೆ ಕೂತ ಕನ್ಯೆಯದು, ಮುಗಿದಿತ್ತು. ಇನ್ನೊಂದರಲ್ಲಿ ಎಲೆಹಾರದ ನಡುವೆ 'ಹೊಲಾಂಡಿಯಾ' ಎಂಬ ಹೆಸರು. ಅದರ 'ಎನ್' ಅಕ್ಷರಕ್ಕೆ ಎರಡು ಕಂಬ ನಿಂತಿದ್ದವು. ನಡುವಿನ ಓರೆಗೆರೆಯೊಂದೇ ಬಾಕಿ.

ಟಂಕಸಾಲೆಯಲ್ಲಿ ಪ್ರಮಾಣ ಮಾಡಿದ ಕೆತ್ತನೆಗಾರನ ಹೊರತು ಬೇರೆಯವರು ಅಚ್ಚು ಮುಟ್ಟಿದರೆ ಖೋಟಾ ನಾಣ್ಯದವರಿಗೆ ಆಗುವ ಮರಣಶಿಕ್ಷೆಯೇ. ಆದರೂ ಅವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಉಸಿರು ಬಿಗಿಹಿಡಿದು, ತಾನು ಕಾಗದದ ಮೇಲೆ ಬರೆಯುವ ಹಾಗೆಯೇ ಗೆರೆ ಕೊರೆದಳು.

ಬೆಳಗ್ಗೆ ವೋಲ್ಫರ್ಟ್ ಅಚ್ಚಿನ ಮೇಲೆ ಹೆಬ್ಬೆರಳಾಡಿಸಿ ನಕ್ಕ. "ನೋಡೇ, ನಿದ್ದೆಗಣ್ಣಲ್ಲೇ ಮುಗಿಸಿಬಿಟ್ಟಿದೀನಿ! ಕಣ್ಣು ಹೋದ್ರೇನು, ಕೈಗೆ ಗೊತ್ತು."

"ಜಂಬ ಸಾಕು, ಗಂಜಿ ಆರ್ತಿದೆ ಬನ್ನಿ."

ಹದಿನೈದು ದಿನ ಕಳೆದ ಮೇಲೆ ಮೀನು ಮಾರುವ ಗ್ರಿಯೆಟ್ ಚಿಲ್ಲರೆ ಕೊಡುತ್ತ ಕಿಸಕ್ಕೆಂದಳು. "ಅಲೈಡಕ್ಕ, ನಿಮ್ಮನೆಯವ್ರು ಬಿಯರ್ ಏರಿಸ್ಕೊಂಡು ಕೊರೆದ್ರಾ? ಅಕ್ಷರ ಹಿಂದುಮುಂದಾಗಿ ನಿಂತಿದೆ!"

ಅಲೈಡಾ ಕಾಸನ್ನು ಬೆಳಕಿಗೆ ಹಿಡಿದಳು; 'ಎನ್'ನ ಓರೆಗೆರೆ ತಿರುಗುಮುರುಗಾಗಿತ್ತು. ಅಚ್ಚಿನಲ್ಲಿ ತಿರುವಿ ಕೊರೆದರೆ ತಾನೆ ಕಾಸಿನ ಮೇಲೆ ನೆಟ್ಟಗೆ ಮೂಡುವುದು! ಮೂವತ್ತು ವರ್ಷ ಅವನ ಅಂಗಿಯ ಉಕ್ಕಿನ ಪುಡಿ ಕೊಡವಿದವಳಿಗೆ ತಿಳಿಯದ್ದೇ? ಪಕ್ಕದ ಅಕ್ಷರಗಳೆಲ್ಲ ತಿರುಗಿ ನಿಂತದ್ದು ಆ ಗಾಬರಿಯಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ.

ಮನೆಯಲ್ಲಿ ವೋಲ್ಫರ್ಟನ ಮೇಜು ಬರಿದಾಗಿತ್ತು.

"ಉಳಿಗಳೆಲ್ಲಿ?"

"ಟಂಕಸಾಲೆಗೆ ಒಪ್ಪಿಸಿ ಬಂದೆ ಕಣೇ."

"ಕೆಲಸ ಬಿಡಿಸಿದ್ರಾ?"

"ಇಲ್ಲ, ನಕ್ಕರು ಅಷ್ಟೆ. ಮೀನಿನ ಕಾಸನ್ನ ಯಾರು ಓದ್ತಾರೆ, ಇರಿ ಅಂದ್ರು. ನಾನೇ ಬಿಟ್ಟೆ." ಅವನು ತನ್ನ ಬಲಗೈಯನ್ನು ಪರರದೆಂಬಂತೆ ನೋಡಿಕೊಂಡ. "ಕಣ್ಣು ಹೋಗಿತ್ತು, ಸೈ. ಕೈನೂ ಮೋಸ ಮಾಡ್ತಲ್ಲೇ."

ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನ ಕೈ ಅವನಿಗೆ ಮರಳುತ್ತಿತ್ತು. ಆದರೆ ಇವನು ಸುಮ್ಮನಿರುವ ಆಸಾಮಿಯಲ್ಲ; ಖುಷಿಯಲ್ಲಿ ಟಂಕಸಾಲೆಗೇ ಓಡಿ, ತಪ್ಪು ನನ್ನದಲ್ಲವೆಂದು ಸಾರಿಬಿಡುತ್ತಾನೆ. ಆಮೇಲೆ ಇಬ್ಬರೂ ಉಳಿಯುವುದಿಲ್ಲ.

ಅವಳು ಮಡಿಲಿನ ಕಾಸನ್ನು ಬಿಗಿಯಾಗಿ ಹಿಡಿದಳು. ಇವನಿಗೂ ಬೇಡ, ಪಾದ್ರಿಗೂ ಬೇಡ, ಯಾರಿಗೂ ಹೇಳುವುದು ಬೇಡ ಎಂದುಕೊಂಡು, ಮೀನು ಹಸನುಮಾಡಲು ಕೂತಳು.