ಐನೂರು ಪುಸ್ತಕ, ಒಂದು ಚಮಚ

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವರ ಹಾಗೆ ನಕಲುಗಾರ ಆ ಹೊಸ ಪುಸ್ತಕವನ್ನು ಎರಡೇ ಬೆರಳಲ್ಲಿ ಎತ್ತಿದ. ಅಚ್ಚುಕೂಟದ ತುಂಬ ಮಸಿ, ಎಣ್ಣೆಯ ವಾಸನೆ. "ಇದಕ್ಕೂ ಪುಸ್ತಕ ಅಂತೀಯಾ? ಅಕ್ಷರಗಳು ಕವಾಯತಿಗೆ ನಿಂತ ಹಾಗಿವೆ," ಎಂದು ಮೂಗು ಮುರಿದ. ಮನೆಮದ್ದಿನ ಪುಸ್ತಕವನ್ನು ಕೈಯಲ್ಲಿ ಬರೆದು ಬರೆದು ಬೆರಳು ಸೊಟ್ಟಗಾದವನು ಅವನು. ಅದೇ ಪುಸ್ತಕದ ಐನೂರು ಪ್ರತಿಗಳನ್ನು ಒಂದೇ ವಾರದಲ್ಲಿ ಉದುರಿಸಿದ ಅಚ್ಚಿನವನನ್ನು ಕಂಡರೆ ಮೈಯೆಲ್ಲ ಉರಿ. ತಪ್ಪು ಹುಡುಕಲೆಂದೇ ಬಂದಿದ್ದ.

ಸಿಕ್ಕಿಯೂಬಿಟ್ಟಿತು. ಅಫೀಮು ಹಾಕಿದ ಕೆಮ್ಮಿನ ಮದ್ದಿನ ಕೆಳಗೆ 'ಮಕ್ಕಳಿಗೆ ಜೇನಿನಲ್ಲಿ ಒಂದು ಚಮಚ' ಎಂದಿತ್ತು.

"ಅಯ್ಯೋ ಪೆದ್ದಾ! 'ಮಕ್ಕಳಿಗೆ ಜೇನಿನಲ್ಲಿ ಕಾಲು ಚಮಚ, ದೊಡ್ಡವರಿಗೆ ಜೇನಿನಲ್ಲಿ ಒಂದು ಚಮಚ' ಅಂತಿರಬೇಕು. ಮೊದಲನೇ ಜೇನಿಂದ ಎರಡನೇ ಜೇನಿಗೆ ಕಣ್ಣು ಹಾರಿದೆ, ನಡುವಿಂದೆಲ್ಲ ಮಾಯ. ನಮ್ಮಲ್ಲಿ ಈಗಷ್ಟೇ ಕಲಿಯೋರು ಮಾಡೋ ತಪ್ಪು ಇದು!" ಹೊಟ್ಟೆ ಹಿಡಿದು ನಕ್ಕ.

ಅಚ್ಚಿನವ ಒಳಗಿಂದ ಮೂಲಪ್ರತಿ ತಂದು ಮುಂದಿಟ್ಟ. ಮುದ್ದಾದ ಕೈಬರಹ, ನಕಲುಗಾರನದೇ. ಅಲ್ಲೂ ಮಕ್ಕಳಿಗೆ ಒಂದು ಚಮಚ.

"ನೀವು ಬರೆದಿದ್ದನ್ನೇ ಅಕ್ಷರಕ್ಕೆ ಅಕ್ಷರ ಜೋಡಿಸಿದೀನಿ, ಯಜಮಾನ್ರೇ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಇವನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. "ಕೈಬರಹದಲ್ಲಿ ಎಲ್ಲೋ ಒಂದು ಹೀಗಾಗತ್ತೆ. ಓದೋರು ಪಕ್ಕದ ಮನೆ ಪ್ರತಿ ತಂದು ತಾಳೆ ನೋಡಿ ತಿದ್ಕೋತಾರೆ. ನೀನು ಐನೂರಕ್ಕೂ ಒಂದೇ ಸುಳ್ಳು ಹೇಳಿಕೊಟ್ಟಿದೀಯಲ್ಲ, ತಪ್ಪು ನಿಂದೇ!" ಎಂದು ದಡಾರನೆ ಬಾಗಿಲೆಳೆದುಕೊಂಡು ಮನೆಗೆ ನಡೆದ.

ಮನೆಯಲ್ಲಿ ಮಗಳು ಕೆಮ್ಮುತ್ತಿದ್ದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚದ ತುಂಬ ಮದ್ದು ಸುರಿದುಕೊಂಡಿದ್ದಳು. ಪಕ್ಕದಲ್ಲಿ ಅಚ್ಚಿನ ಪುಸ್ತಕ.

"ನಿಲ್ಲೇ! ಅಷ್ಟು ಕುಡಿಸಿದ್ರೆ ಮಗು ಮತ್ತೆ ಕಣ್ಣು ಬಿಡಲ್ಲ. ಕಾಲು ಚಮಚ!" ಗೂಡಿನಲ್ಲಿದ್ದ ತನ್ನ ಹಳೆಯ ಪ್ರತಿ ಎಳೆದು, ಪುಟ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಹಿಡಿದ.

"ನಿಮ್ಮದೊಂದರಲ್ಲೇ ಅಪ್ಪಾ, ಕಾಲು ಚಮಚ ಅಂತಿರೋದು. ಅತ್ತಿಗೆ ಪುಸ್ತಕ ನೋಡ್ದೆ, ಎದುರು ಮನೆಯವರದೂ ನೋಡ್ದೆ, ಎಲ್ಲದ್ರಲ್ಲೂ ಒಂದು ಚಮಚ ಅಂತಲೇ ಇದೆ. ಅಚ್ಚಿನವನ ಮೇಲಿನ ನಿಮ್ಮ ಹೊಟ್ಟೆಕಿಚ್ಚಿಗೆ ನಾನು ಮಗೂಗೆ ಮದ್ದು ಕಮ್ಮಿ ಮಾಡ್ಲಾ?"

ಚಮಚ ಕೂಸಿನ ತುಟಿಯ ಹತ್ತಿರ ಹೋಯಿತು.

ಬಯ್ಯಲು ಬಾಯಿ ತೆರೆದವನು ಹಾಗೇ ನಿಂತ. ಅಚ್ಚಿನವನನ್ನು ಬಯ್ದಷ್ಟೂ ಇವಳು ನಂಬುವುದಿಲ್ಲ.

"ಅವನ ತಪ್ಪಲ್ಲ," ಎಂದ. "ಅವನು ನೋಡಿ ಜೋಡಿಸಿದ್ದು ನನ್ನ ಕೈಬರಹ. ಬರೆಯೋವಾಗ ಸಾಲು ಹಾರಿಸಿದೋನು ನಾನು."

ಚಮಚ ನಿಂತಿತು. ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮದ್ದನ್ನು ತಿರುಗಿ ಬಾಟಲಿಗೆ ಸುರಿದಳು.

"ಹಾಗಾದ್ರೆ ಈ ಕಾಲು ಚಮಚನಾದ್ರೂ ನಿಜ ಅಂತ ಹೇಗೆ ನಂಬ್ಲಿ?"

ಕೂಸನ್ನು ಹೆಗಲಿಗೆ ಹಾಕಿಕೊಂಡು ವೈದ್ಯರ ಮನೆಯ ಕಡೆ ಹೊರಟೇಬಿಟ್ಟಳು. ಬೀದಿಯ ತಿರುವಿನವರೆಗೂ ಕೂಸಿನ ಕೆಮ್ಮು ಕೇಳಿಸುತ್ತಿತ್ತು. ಅವನು ಪುಟದ ಮೇಲಿಟ್ಟ ಬೆರಳು ತೆಗೆಯದೆ ನಿಂತಿದ್ದ.