ಮಹಾಂತಪ್ಪನವರ ಹೊಸ ಶಿಲೀಂಧ್ರ

ಡಾಕ್ಟರ್ ಮಹಾಂತಪ್ಪನವರಿಗೆ ಆ ಸೂಕ್ಷ್ಮದರ್ಶಕದ ಬಗ್ಗೆ ಗೊತ್ತಿದ್ದದ್ದು ಒಂದೇ: ಅದು ಜರ್ಮನಿಯಿಂದ ಬಂದದ್ದು. ಹಳಿಯಾಳದ ಹೊರಗೆ ಹೊಸದಾಗಿ ಎದ್ದ ಸಂಶೋಧನಾ ಕೇಂದ್ರಕ್ಕೆ ಅವರು ನಿರ್ದೇಶಕರು. ಬಂದವರಿಗೆಲ್ಲ ಆ ಯಂತ್ರವನ್ನು ತಾವೇ ಹೆತ್ತ ಕೂಸಿನಂತೆ ತೋರಿಸುತ್ತಿದ್ದರು. ನಡೆಸುವ ಕೆಲಸ ಮಾತ್ರ ಸಹನಾಳದು.

ಸಹನಾ ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕ ಗೂಳಪ್ಪನ ಮಗಳು. ಅನಮೋಡದ ಕಾಡಿನ ಬಿದಿರು ಬೇರಿನೊಳಗೆ ಬದುಕುವ ಶಿಲೀಂಧ್ರದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಈ ಯಂತ್ರಕ್ಕೆ ಬೇರನ್ನು ಕತ್ತರಿಸಿ ಕೊಡಬೇಕಿಲ್ಲ, ಅದರ ಲೇಸರ್ ಬೆಳಕು ಬೇರಿನೊಳಗೆ ಪದರ ಪದರವಾಗಿ ಇಳಿಯುತ್ತದೆ. ಆ ಪದರಗಳ ಚಿತ್ರಗಳನ್ನು ಕಂಪ್ಯೂಟರ್ ರೊಟ್ಟಿ ಪೇರಿಸಿದಂತೆ ಪೇರಿಸಿ, ಸುತ್ತಲೂ ತಿರುಗಿಸಿ ನೋಡಬಹುದಾದ ಇಡೀ ಬೇರನ್ನೇ ಕಟ್ಟಿಕೊಡುತ್ತದೆ. ಇಷ್ಟನ್ನು ನಿರ್ದೇಶಕರ ತಲೆಗೆ ತುಂಬಲು ಹೋಗಿ ಅವಳಿಗೆ ಬಾಯಿ ನೋವು ಬಂದಿತ್ತು. ಆದರೆ ಪ್ರಬಂಧಕ್ಕೆ ಅವರ ಸಹಿ ಬೇಕು. ಹಲ್ಲು ಕಚ್ಚಿಕೊಂಡಿದ್ದಳು.

ಆ ವರ್ಷ ಮಹಾನವಮಿಗೆ ಮಹಾಂತಪ್ಪನವರು ಯಂತ್ರಕ್ಕೆ ತಾವೇ ಪೂಜೆ ಮಾಡಿದರು. ಮಾಡಲಿ, ಜನ ಗಾಡಿಗೆ, ಹೊಲಿಗೆ ಯಂತ್ರಕ್ಕೆ ಮಾಡುವುದಿಲ್ಲವೇ? ಆದರೆ ಈ ಮಹಾಶಯರು ಬೇರು ಇಟ್ಟು ನೋಡುವ ಗಾಜಿನ ಸ್ಲೈಡುಗಳ ಡಬ್ಬಿಯ ಮುಚ್ಚಳ ತೆಗೆದು, ಅರಿಶಿನ ಹಚ್ಚಿದ ಹತ್ತಿಯ ಗೆಜ್ಜೆವಸ್ತ್ರವನ್ನು ಒಳಗೇ ಇಳಿಬಿಟ್ಟರು. ಪೂಜೆಯಾದ ಸ್ಲೈಡುಗಳನ್ನು ಯಾರೂ ಒರೆಸಬಾರದಂತೆ!

ಮರುವಾರ ಪರದೆಯ ಮೇಲೆ ಬೇರಿನ ಸುತ್ತ ಹಸಿರು ಎಳೆಗಳು ಝಗ್ಗನೆ ಹೊಳೆದವು. ಹೊಸ ಶಿಲೀಂಧ್ರ ಸಿಕ್ಕಿತೆಂದು ನಿರ್ದೇಶಕರು ಕುಣಿದಾಡಿದರು. ಸಹನಾಳಿಗೆ ಅನುಮಾನ. ಅದೇ ಡಬ್ಬಿಯ ಖಾಲಿ ಸ್ಲೈಡನ್ನು ಇಟ್ಟು ನೋಡಿದಳು; ಅದರಲ್ಲೂ ಅವೇ ಎಳೆಗಳು. ಲೇಸರ್ ಬಿದ್ದರೆ ಅರಿಶಿನ ಹೊಳೆಯುತ್ತದೆ, ಅಷ್ಟೇ.

"ಸರ್, ಇದು ಶಿಲೀಂಧ್ರ ಅಲ್ರಿ, ಗಾಜಿಗೆ ಅಂಟಿದ ಗೆಜ್ಜೆವಸ್ತ್ರದ ಹತ್ತಿ ಐತ್ರಿ," ಎಂದಳು.

"ನನಗ ಕಲಿಸಾಕ ಬಂದಿ ಏನ? ಸಂಶೋಧನಾ ಪೇಪರಿನ್ಯಾಗ ನಿನ್ನ ಹೆಸರೂ ಹಾಕೇನಿ, ಸುಮ್ಕಿರು. ಸಹಿ ಬೇಕೋ ಬ್ಯಾಡೋ?"

ಈ ಸುಳ್ಳಿಗೆ ತನ್ನ ಹೆಸರೂ ಅಂಟಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಹೊಸ ಶಿಲೀಂಧ್ರವನ್ನು ನೋಡಲು ಧಾರವಾಡ, ಬೆಂಗಳೂರುಗಳಿಂದ ವಿಜ್ಞಾನಿಗಳು ಬಂದರು. ಮಹಾಂತಪ್ಪನವರು ಹೊಸ ಸೂಟಿನಲ್ಲಿ ಕೋಲು ಹಿಡಿದು ಪರದೆಯ ಪಕ್ಕ ನಿಂತರು. ಬೇರು ಇಡು ಎಂದು ಸನ್ನೆ ಮಾಡಿದರು. ಸಹನಾ ಡಬ್ಬಿಯಿಂದ ಖಾಲಿ ಸ್ಲೈಡೊಂದನ್ನು ತೆಗೆದು ಯಂತ್ರಕ್ಕೆ ಇಟ್ಟಳು. ಹಸಿರು ಎಳೆಗಳು ಪರದೆಯ ತುಂಬ ತಿರುಗತೊಡಗಿದವು.

"ನೋಡ್ರಿ, ಹೆಂಗ ಬೇರನ್ನ ತಬ್ಬಿಕೊಂಡೈತಿ! ಇಲ್ಲಿ ಒಳಗ ಹೊಕ್ಕೈತಿ," ಎಂದು ನಿರ್ದೇಶಕರು ಇಲ್ಲದ ಬೇರಿನ ಮೇಲೆ ಕೋಲಾಡಿಸಿದರು. ಮುಂದಿನ ಸಾಲಿನವರು ತಲೆದೂಗಿದರು. ಒಬ್ಬರಂತೂ ಫೋಟೋ ತೆಗೆದುಕೊಂಡರು. ಇಷ್ಟೊಂದು ಓದಿದ ತಲೆಗಳು ಒಟ್ಟಿಗೆ ದೂಗುವುದನ್ನು ಕಂಡು ಸಹನಾಳಿಗೆ ಇನ್ನು ತಡೆಯಲಾಗಲಿಲ್ಲ.

"ಸರ್, ಬೇರು ಇನ್ನೂ ಶೀಸೆಯೊಳಗ ಐತ್ರಿ," ಎಂದು ಶೀಸೆ ಎತ್ತಿ ತೋರಿಸಿದಳು. "ಇಷ್ಟೊತ್ತು ನೀವು ತೋರಿಸಿದ್ದು ಖಾಲಿ ಗಾಜು. ಹೊಳಿಯೂದು ಪೂಜಿ ಅರಿಶಿಣ."

ಮಹಾಂತಪ್ಪನವರ ಮುಖ ಒಮ್ಮೆ ಕಪ್ಪಿಟ್ಟಿತು, ಅಷ್ಟೇ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ.

"ಖಾಲಿ ಗಾಜಿನ ಮ್ಯಾಲೂ ಬೆಳದೈತಿ ಅಂದ್ರ," ಎಂದು ಗಂಟಲು ಸರಿಮಾಡಿಕೊಂಡರು, "ಎಂಥಾ ಗಟ್ಟಿ ಶಿಲೀಂಧ್ರ, ನೋಡ್ರಿ!"

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಹನಾ ತನ್ನ ಶೀಸೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಸಹಿ ಹೋಯಿತೆಂದು ಅವಳಿಗೆ ಗೊತ್ತಿತ್ತು. ಇಂಥವನ ಸಹಿಗೆ ಇಷ್ಟು ದಿನ ಕಾದೆನಲ್ಲ ಎಂದು ಮೊದಲ ಸಲ ತನ್ನ ಮೇಲೇ ಹೇಸಿಗೆಯಾಯಿತು.